ಫ್ರೆಂಚ್ ಭಾಷಾ ಸಾಮರ್ಥ್ಯದ ಅಧಿಕೃತ ಪ್ರಮಾಣಪತ್ರಗಳು

ಫ್ರೆಂಚ್ ಮಾತೃಭಾಷೆಯಲ್ಲದವರು ಆ ಭಾಷೆಯನ್ನು ಎಷ್ಟರಮಟ್ಟಿಗೆ ಬಳಸಬಲ್ಲರು ಎಂಬುದನ್ನು ಪರೀಕ್ಷಿಸಿ ಫ್ರಾನ್ಸಿನ ಅಧಿಕೃತ ಸಂಸ್ಥೆಗಳು ನೀಡುವ ಪತ್ರಗಳಿವು. ಇವುಗಳಲ್ಲಿ ಎರಡು ಬಗೆ. ಡೆಲ್ಫ್ ಮತ್ತು ಡಾಲ್ಫ್ ಎಂಬವು ಫ್ರಾನ್ಸಿನ ಶಿಕ್ಷಣ ಸಚಿವಾಲಯದ ಹೆಸರಿನಲ್ಲಿ ದೊರೆಯುವ ಡಿಪ್ಲೊಮಾಗಳು. ಒಮ್ಮೆ ಪಡೆದರೆ ಜೀವನಪರ್ಯಂತ ಊರ್ಜಿತ. ಟಿಸಿಎಫ್ ಮತ್ತು ಟೆಫ್ ಎಂಬವು ಪರೀಕ್ಷೆ ಬರೆದ ಹೊತ್ತಿನ ಸಾಮರ್ಥ್ಯವನ್ನು ಅಂಕಗಳಲ್ಲಿ ಹೇಳುವ ಟೆಸ್ಟ್‌ಗಳು. ಇವುಗಳ ಫಲಿತಾಂಶಕ್ಕೆ ಎರಡು ವರ್ಷಗಳ ಅವಧಿ. ವಿಶ್ವವಿದ್ಯಾಲಯದ ಪ್ರವೇಶ, ಫ್ರಾನ್ಸಿನ ವಾಸದ ಪರವಾನಗಿ ಮತ್ತು ಪೌರತ್ವ, ಕೆನಡಾ ವಲಸೆ, ಉದ್ಯೋಗ ಮೊದಲಾದ ಬೇರೆ ಬೇರೆ ಉದ್ದೇಶಗಳಿಗೆ ಬೇರೆ ಬೇರೆ ಪತ್ರ ಬೇಕಾಗುತ್ತದೆ. ಆದ್ದರಿಂದ ಯಾವ ಕೆಲಸಕ್ಕೆ ಯಾವ ಪತ್ರ ಎಂಬ ತಿಳಿವಳಿಕೆ ಭಾಷೆಯ ಕಲಿಕೆಯಷ್ಟೇ ಮುಖ್ಯ.

ಹಿನ್ನೆಲೆ

ಪರದೇಶದವರಿಗೆ ಫ್ರೆಂಚ್ ಕಲಿಸುವ ಕೆಲಸ ಸಂಘಟಿತ ರೂಪ ಪಡೆದದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ. 1883ರಲ್ಲಿ ಪ್ಯಾರಿಸ್‌ನಲ್ಲಿ ಅಲಿಯಾನ್ಸ್ ಫ್ರಾನ್ಸೇಸ್ ಸಂಸ್ಥೆ ಹುಟ್ಟಿತು. ವಿಜ್ಞಾನಿ ಲೂಯಿ ಪಾಶ್ಚರ್, ಕಾದಂಬರಿಕಾರ ಜೂಲ್ಸ್ ವರ್ನ್, ಸೂಯೆಜ್ ಕಾಲುವೆಯ ನಿರ್ಮಾಪಕ ಫರ್ಡಿನಾಂಡ್ ದ ಲೆಸೆಪ್ಸ್ ಇದರ ಆರಂಭದ ಬೆಂಬಲಿಗರಲ್ಲಿದ್ದರು. ಕಲಿಕೆ ದೇಶದೇಶಗಳಿಗೆ ಹಬ್ಬಿದರೂ ಕಲಿತವರ ಸಾಮರ್ಥ್ಯವನ್ನು ಒಂದೇ ಅಳತೆಯಲ್ಲಿ ಹೇಳುವ ಏರ್ಪಾಡು ಬಹುಕಾಲ ಇರಲಿಲ್ಲ.

ಎರಡನೇ ಮಹಾಯುದ್ಧದ ನಂತರ ಈ ದಿಕ್ಕಿನಲ್ಲಿ ಎರಡು ಮುಖ್ಯ ಹೆಜ್ಜೆಗಳು ಬಿದ್ದವು. ಮೊದಲನೆಯದು, 1950ರ ದಶಕದಲ್ಲಿ ಭಾಷಾವಿಜ್ಞಾನಿ ಜಾರ್ಜ್ ಗುಗೆನೈಮ್ ಮತ್ತು ಸಂಗಡಿಗರ ಶ್ರಮದಿಂದ ಬಂದ 'ಮೂಲ ಫ್ರೆಂಚ್' ಪಟ್ಟಿ. ಜನ ಆಡುವ ಮಾತನ್ನು ಧ್ವನಿಮುದ್ರಿಸಿಕೊಂಡು, ಹೆಚ್ಚು ಬಳಕೆಯಾಗುವ ಪದಗಳನ್ನೂ ವಾಕ್ಯರಚನೆಗಳನ್ನೂ ಆರಿಸಿ, ಹೊಸಬರಿಗೆ ಮೊದಲು ಕಲಿಸಬೇಕಾದದ್ದು ಯಾವುದು ಎಂದು ಅವರು ಗೊತ್ತುಮಾಡಿದರು. ಎರಡನೆಯದು, 1976ರಲ್ಲಿ ಕೌನ್ಸಿಲ್ ಆಫ್ ಯೂರೋಪಿನ ಯೋಜನೆಯಡಿ ದಾನಿಯೆಲ್ ಕೊಸ್ಟ್ ಮತ್ತು ಸಹೋದ್ಯೋಗಿಗಳು ಸಿದ್ಧಪಡಿಸಿದ 'ಹೊಸ್ತಿಲ ಮಟ್ಟ'ದ ವಿವರಣೆ. ಕಲಿಯುವವನಿಗೆ ಎಷ್ಟು ವ್ಯಾಕರಣ ಗೊತ್ತು ಎಂದು ಕೇಳುವುದನ್ನು ಬಿಟ್ಟು, ಭಾಷೆಯಿಂದ ಅವನು ಏನು ಮಾಡಬಲ್ಲ ಎಂದು ಅದು ಕೇಳಿತು: ದಾರಿ ವಿಚಾರಿಸಬಲ್ಲನೇ, ಆಹ್ವಾನವನ್ನು ನಯವಾಗಿ ನಿರಾಕರಿಸಬಲ್ಲನೇ, ತನ್ನ ಅಭಿಪ್ರಾಯಕ್ಕೆ ಕಾರಣ ಕೊಡಬಲ್ಲನೇ? ಇಂದಿನ ಎಲ್ಲ ಫ್ರೆಂಚ್ ಪರೀಕ್ಷೆಗಳ ತಳಹದಿ ಈ ಪ್ರಶ್ನೆಯೇ.

1985ರಲ್ಲಿ ಫ್ರಾನ್ಸಿನ ಶಿಕ್ಷಣ ಸಚಿವಾಲಯ ಡೆಲ್ಫ್ ಮತ್ತು ಡಾಲ್ಫ್‌ಗಳನ್ನು ಸ್ಥಾಪಿಸಿತು. ಡೆಲ್ಫ್ ಎಂದರೆ ಫ್ರೆಂಚ್ ಭಾಷಾ ವ್ಯಾಸಂಗದ ಡಿಪ್ಲೊಮಾ. ಡಾಲ್ಫ್ ಅದರ ಮುಂದಿನ, ಉನ್ನತ ಮಟ್ಟದ ಡಿಪ್ಲೊಮಾ. ಮೊದಲ ಇಪ್ಪತ್ತು ವರ್ಷ ಇವು ಬಿಡಿ ಘಟಕಗಳ ರೂಪದಲ್ಲಿದ್ದವು. ಒಂದೊಂದೇ ಘಟಕವನ್ನು ಬಿಡುವಾದಾಗ ಮುಗಿಸಿ, ಎಲ್ಲ ಕೂಡಿದಾಗ ಡಿಪ್ಲೊಮಾ ಪಡೆಯಬಹುದಿತ್ತು. 2001ರಲ್ಲಿ ಕೌನ್ಸಿಲ್ ಆಫ್ ಯೂರೋಪ್ ಭಾಷೆಗಳ ಸಾಮಾನ್ಯ ಐರೋಪ್ಯ ಚೌಕಟ್ಟನ್ನು ಪ್ರಕಟಿಸಿದ ಮೇಲೆ, 2005ರಲ್ಲಿ ಘಟಕ ಪದ್ಧತಿ ಹೋಗಿ, ಚೌಕಟ್ಟಿನ ಆರು ಮಟ್ಟಗಳಿಗೆ ಸರಿಹೊಂದುವ ಆರು ಸ್ವತಂತ್ರ ಡಿಪ್ಲೊಮಾಗಳು ಬಂದವು. ಹೀಗಾಗಿ 2005ಕ್ಕೆ ಹಿಂದಿನ ಪತ್ರಗಳಲ್ಲಿ ಕಾಣುವ ಎ1, ಬಿ1 ಮೊದಲಾದ ಗುರುತುಗಳು ಹಳೆಯ ಘಟಕಗಳ ಹೆಸರುಗಳು. ಅವನ್ನು ಇಂದಿನ ಮಟ್ಟಗಳೆಂದು ಓದಬಾರದು.

ಪರೀಕ್ಷೆಗಳ ಹೊಣೆ ಪ್ಯಾರಿಸ್ ಬಳಿಯ ಸೆವ್ರ್ ಪಟ್ಟಣದ 'ಫ್ರಾನ್ಸ್ ಎಜುಕಾಸಿಯೋಂ ಅಂತರ್‌ನಾಸಿಯೋನಾಲ್' ಎಂಬ ಸಾರ್ವಜನಿಕ ಸಂಸ್ಥೆಯದು. 1945ರಲ್ಲಿ ಶುರುವಾದ ಇದು 2019ರವರೆಗೆ ಅಂತರರಾಷ್ಟ್ರೀಯ ಶಿಕ್ಷಣಶಾಸ್ತ್ರ ಅಧ್ಯಯನ ಕೇಂದ್ರ ಎಂಬರ್ಥದ ಹೆಸರಿನಲ್ಲಿತ್ತು. 18ನೇ ಶತಮಾನದ ಪ್ರಸಿದ್ಧ ಪಿಂಗಾಣಿ ಕಾರ್ಖಾನೆಯ ಕಟ್ಟಡವೇ ಅದರ ನೆಲೆ. ಪ್ರಶ್ನೆಪತ್ರಿಕೆಗಳು ಇಲ್ಲಿಂದಲೇ ಸಿದ್ಧವಾಗಿ, 170ಕ್ಕೂ ಹೆಚ್ಚು ದೇಶಗಳ ಸಾವಿರಕ್ಕೂ ಮಿಕ್ಕ ಕೇಂದ್ರಗಳಿಗೆ ಹೋಗುತ್ತವೆ.

ಆರು ಮಟ್ಟಗಳು

ಮೆಟ್ಟಿಲು ಮೆಟ್ಟಿಲಾಗಿ ಭಾಷಾ ಪರೀಕ್ಷೆ ಕಟ್ಟುವ ಕ್ರಮ ಕನ್ನಡಿಗರಿಗೆ ಹೊಸದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಪ್ರವೇಶ, ಕಾವ, ಜಾಣ, ರತ್ನ ಪರೀಕ್ಷೆಗಳನ್ನೂ ಹಿಂದಿ ಪ್ರಚಾರ ಸಂಸ್ಥೆಗಳ ಪ್ರಥಮಾ, ಮಧ್ಯಮಾಗಳನ್ನೂ ಕಟ್ಟಿದವರು ನಾಡಿನ ತುಂಬ ಇದ್ದಾರೆ. ಆ ಪರೀಕ್ಷೆಗಳಿಗೂ ಡೆಲ್ಫ್‌ಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಅಲ್ಲಿ ನಿಗದಿತ ಪಠ್ಯಪುಸ್ತಕಗಳಿರುತ್ತವೆ. ಇಲ್ಲಿ ಪಠ್ಯವೆಂಬುದೇ ಇಲ್ಲ. ಪ್ರಶ್ನೆಪತ್ರಿಕೆಯಲ್ಲಿ ಬರುವ ಸುದ್ದಿ, ಜಾಹೀರಾತು, ಸಂದರ್ಶನ, ಪತ್ರ ಎಲ್ಲವೂ ಅಭ್ಯರ್ಥಿ ಮೊದಲ ಸಲ ನೋಡುವಂಥವು. ಹೀಗಾಗಿ ಬಾಯಿಪಾಠಕ್ಕೆ ಇಲ್ಲಿ ಫಲವಿಲ್ಲ.

ಎ1 ಮತ್ತು ಎ2 ಆರಂಭಿಕ ಮಟ್ಟಗಳು. ಎ1 ಮುಟ್ಟಿದವರು ತಮ್ಮ ಪರಿಚಯ ಹೇಳಿಕೊಳ್ಳಬಲ್ಲರು, ಎದುರಿನವರು ನಿಧಾನವಾಗಿ ಮಾತಾಡಿದರೆ ಸರಳ ಪ್ರಶ್ನೆಗಳಿಗೆ ಉತ್ತರಿಸಬಲ್ಲರು. ಎ2 ಮುಟ್ಟಿದವರಿಗೆ ಅಂಗಡಿ, ಬಸ್ಸು, ಅಂಚೆ ಕಚೇರಿಯಂಥ ದಿನನಿತ್ಯದ ವ್ಯವಹಾರ ಸಾಧ್ಯ. ಬಿ1 ಸ್ವತಂತ್ರ ಬಳಕೆಯ ಆರಂಭ: ಪ್ರವಾಸದಲ್ಲಿ ಎದುರಾಗುವ ತೊಡಕುಗಳನ್ನು ತಾವೇ ಬಿಡಿಸಿಕೊಳ್ಳುವುದು, ಅನುಭವವನ್ನು ವಿವರಿಸುವುದು, ಅಭಿಪ್ರಾಯಕ್ಕೆ ಚಿಕ್ಕ ಸಮರ್ಥನೆ ಕೊಡುವುದು. ಬಿ2 ವಾದದ ಮಟ್ಟ: ತನ್ನ ನಿಲುವನ್ನು ಕಟ್ಟಿ, ಎದುರು ವಾದವನ್ನು ಕೇಳಿಸಿಕೊಂಡು, ಅದಕ್ಕೆ ಉತ್ತರಿಸುವ ಶಕ್ತಿ. ಸಿ1 ಮತ್ತು ಸಿ2 ಪ್ರೌಢ ಮಟ್ಟಗಳು. ವಿಶ್ವವಿದ್ಯಾಲಯದಲ್ಲೂ ವೃತ್ತಿಯಲ್ಲೂ ಜಟಿಲ ವಿಷಯಗಳನ್ನು ಖಚಿತವಾಗಿ ನಿಭಾಯಿಸಬಲ್ಲವರದು. ಮೊದಲ ನಾಲ್ಕು ಮಟ್ಟ ಡೆಲ್ಫ್, ಕೊನೆಯ ಎರಡು ಡಾಲ್ಫ್.

ಯಾವ ಮಟ್ಟಕ್ಕೆ ಎಷ್ಟು ಕಾಲ ಎಂಬುದು ಕಲಿಯುವವರನ್ನು ಅವಲಂಬಿಸಿದ ಸಂಗತಿ. ಸಾಮಾನ್ಯ ಅಂದಾಜಿನಂತೆ ಎ1ಕ್ಕೆ 60ರಿಂದ 100 ಗಂಟೆ, ಎ2ಕ್ಕೆ ಒಟ್ಟು 160ರಿಂದ 200, ಬಿ1ಕ್ಕೆ 360ರಿಂದ 400, ಬಿ2ಕ್ಕೆ 560ರಿಂದ 650 ಗಂಟೆಗಳ ಪಾಠ ಬೇಕು. ಸಿ1ಕ್ಕೆ 800 ಗಂಟೆ ದಾಟುತ್ತದೆ. ಎ2ರಿಂದ ಬಿ1ಕ್ಕೆ ಹೋಗುವ ದಾರಿಯೊಂದೇ ಅಲ್ಲಿಯವರೆಗಿನ ಒಟ್ಟು ದಾರಿಯಷ್ಟು ಉದ್ದ ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ. ಆರು ತಿಂಗಳಲ್ಲಿ ಬಿ2 ಎಂಬ ಜಾಹೀರಾತನ್ನು ನೋಡುವವರು ವಾರಕ್ಕೆ ಎಷ್ಟು ಗಂಟೆ ಎಂದು ಮೊದಲು ಲೆಕ್ಕ ಹಾಕಬೇಕು.

ಪರೀಕ್ಷೆಯ ರಚನೆ

ಎ1ರಿಂದ ಸಿ1ರವರೆಗೆ ಪ್ರತಿ ಪರೀಕ್ಷೆಯಲ್ಲೂ ನಾಲ್ಕು ಭಾಗಗಳು: ಕೇಳಿ ತಿಳಿಯುವುದು, ಓದಿ ತಿಳಿಯುವುದು, ಬರೆಯುವುದು, ಮಾತಾಡುವುದು. ಒಂದೊಂದಕ್ಕೆ 25ರಂತೆ ಒಟ್ಟು 100 ಅಂಕ. ತೇರ್ಗಡೆಗೆ 50 ಅಂಕ ಬೇಕು. ಜೊತೆಗೆ ಪ್ರತಿ ಭಾಗದಲ್ಲೂ ಕನಿಷ್ಠ 5 ಬರಲೇಬೇಕು. ಓದು ಬರಹದಲ್ಲಿ ಎಷ್ಟೇ ಮುಂದಿದ್ದರೂ ಮಾತಿನಲ್ಲಿ 4 ಬಂದರೆ ಇಡೀ ಪರೀಕ್ಷೆ ಹೋಯಿತು. ಭಾಷೆಯ ನಾಲ್ಕೂ ಬಳಕೆಗಳು ಕೂಡಿದಾಗಲೇ ಸಾಮರ್ಥ್ಯ ಎಂಬ ತತ್ತ್ವ ಈ ನಿಯಮದ ಹಿಂದಿದೆ.

ಒಂದು ಮಟ್ಟ ಬರೆಯಲು ಅದರ ಹಿಂದಿನದು ಕಡ್ಡಾಯವಲ್ಲ. ಎ1, ಎ2 ಬರೆಯದೆ ನೇರವಾಗಿ ಬಿ2ಕ್ಕೆ ಕೂರಬಹುದು. ಅನುತ್ತೀರ್ಣರಾದವರು ಮತ್ತೆ ಬರೆಯಬಹುದು, ಆದರೆ ಹಿಂದಿನ ಸಲ ಗೆದ್ದ ಭಾಗದ ಅಂಕ ಮುಂದಕ್ಕೆ ಬರುವುದಿಲ್ಲ.

ಎ1ರಲ್ಲಿ ಒಂದು ಅರ್ಜಿ ತುಂಬಿಸಿ, ಸುಮಾರು 40 ಪದಗಳ ಸಂದೇಶ ಬರೆದರೆ ಬರವಣಿಗೆ ಮುಗಿಯಿತು. ಬಿ1ರಲ್ಲಿ ಬರಹ 160 ಪದಗಳಿಗೆ ಏರುತ್ತದೆ. ಬಿ2ರಲ್ಲಿ ಒಂದು ಗಂಟೆಯೊಳಗೆ 250 ಪದಗಳ ವಾದ ಮಂಡಿಸಬೇಕು. ಮೇಯರ್‌ಗೆ ಮನವಿ, ಸಂಪಾದಕರಿಗೆ ಪತ್ರ, ಕಚೇರಿಯ ತೀರ್ಮಾನಕ್ಕೆ ವಿರೋಧ, ಹೀಗೆ ಸಂದರ್ಭ ಯಾವುದಾದರೂ ಇರಬಹುದು. ಪದಗಳ ಎಣಿಕೆಗೂ ನಿಯಮವಿದೆ: ಎರಡು ಖಾಲಿ ಜಾಗಗಳ ನಡುವೆ ಇರುವುದೆಲ್ಲ ಒಂದು ಪದ.

ಮೌಖಿಕ ಪರೀಕ್ಷೆ ಎ1ರಲ್ಲಿ ಐದರಿಂದ ಏಳು ನಿಮಿಷ. ಬಿ1ರಲ್ಲಿ ಸುಮಾರು 15 ನಿಮಿಷಗಳಲ್ಲಿ ಮೂರು ಹಂತ: ಪರಿಚಯದ ಸಂಭಾಷಣೆ, ಪರೀಕ್ಷಕರೊಂದಿಗೆ ಒಂದು ಸನ್ನಿವೇಶದ ಅಭಿನಯ, ಸಣ್ಣ ಲೇಖನವೊಂದನ್ನು ಓದಿ ಅಭಿಪ್ರಾಯ ಹೇಳುವುದು. ಬಿ2ರಲ್ಲಿ 30 ನಿಮಿಷ ಸಿದ್ಧತೆ, 20 ನಿಮಿಷ ಮಾತು. ಅಭ್ಯರ್ಥಿ ತನ್ನ ನಿಲುವನ್ನು ಮಂಡಿಸಿದ ಮೇಲೆ ಪರೀಕ್ಷಕರು ಅದನ್ನು ಬೇಕೆಂದೇ ಪ್ರಶ್ನಿಸುತ್ತಾರೆ. ಹಿರಿಯರ ಮುಂದೆ ಎದುರಾಡಬಾರದು ಎಂಬ ಸಂಸ್ಕಾರದಲ್ಲಿ ಬೆಳೆದವರು ಇಲ್ಲಿ ಒಪ್ಪಿಕೊಂಡುಬಿಡುವುದುಂಟು. ಸೌಜನ್ಯ ಬಿಡದೆ ತನ್ನ ಮಾತಿಗೆ ಅಂಟಿಕೊಳ್ಳುವುದನ್ನೇ ಈ ಹಂತ ಅಳೆಯುತ್ತದೆ.

2020ರಿಂದ ಎ2, ಬಿ1, ಬಿ2 ಪರೀಕ್ಷೆಗಳು ಹಂತಹಂತವಾಗಿ ಬದಲಾದವು. ಕೇಳುವ ಮತ್ತು ಓದುವ ಭಾಗಗಳಲ್ಲಿ ಈಗ ಆಯ್ಕೆ ಪ್ರಶ್ನೆಗಳಷ್ಟೇ ಇವೆ. ಉತ್ತರವನ್ನು ವಾಕ್ಯದಲ್ಲಿ ಬರೆದು ಸಮರ್ಥಿಸುವ ಪದ್ಧತಿ ಹೋಯಿತು. ಹಳೆಯ ಮಾದರಿ ಪತ್ರಿಕೆಗಳಿಂದ ಅಭ್ಯಾಸ ಮಾಡುವವರು ಇದನ್ನು ಗಮನಿಸಬೇಕು.

ಮಕ್ಕಳಿಗೂ ಹದಿಹರೆಯದವರಿಗೂ ಪ್ರತ್ಯೇಕ ಆವೃತ್ತಿಗಳಿವೆ: ಪ್ರಾಥಮಿಕ ಶಾಲೆಯ ವಯಸ್ಸಿನವರಿಗೆ ಡೆಲ್ಫ್ ಪ್ರಿಮ್, ಪ್ರೌಢಶಾಲೆಯ ವಯಸ್ಸಿನವರಿಗೆ ಡೆಲ್ಫ್ ಜೂನಿಯರ್. ಡೆಲ್ಫ್ ಜೂನಿಯರ್‌ನಲ್ಲಿ ವಿಷಯಗಳು ಶಾಲೆ, ಗೆಳೆತನ, ಆಟಗಳ ಸುತ್ತ ಇರುತ್ತವೆ. ಮಟ್ಟವೂ ಡಿಪ್ಲೊಮಾದ ಬೆಲೆಯೂ ದೊಡ್ಡವರದಕ್ಕೆ ಸಮಾನ.

ಡಾಲ್ಫ್: ವಿದ್ವತ್ತಿನ ಶಿಸ್ತು

ಸಿ1 ಪರೀಕ್ಷೆಯ ಬರವಣಿಗೆಯ ಭಾಗ ಎರಡೂವರೆ ಗಂಟೆಗಳದು. ಅದರ ಹೃದಯ 'ಸಂತೇಸ್', ಅಂದರೆ ಹಲವು ದಾಖಲೆಗಳ ಸಾರಸಂಗ್ರಹ. ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ನೋಡುವ ಲೇಖನಗಳನ್ನು ಓದಿ, ಅವುಗಳ ವಿಚಾರಗಳನ್ನು ಹೊಸ ಕ್ರಮದಲ್ಲಿ ಜೋಡಿಸಿ, ಸುಮಾರು 220 ಪದಗಳಲ್ಲಿ ತನ್ನ ಮಾತಿನಲ್ಲೇ ಬರೆಯಬೇಕು. ಸ್ವಂತ ಅಭಿಪ್ರಾಯ ಸೇರಿಸಬಾರದು, ದಾಖಲೆಯಲ್ಲಿಲ್ಲದ ಮಾಹಿತಿ ತರಬಾರದು, ವಾಕ್ಯಗಳನ್ನು ಎತ್ತಿಕೊಳ್ಳಬಾರದು, ಲೇಖನಗಳನ್ನು ಒಂದಾದ ಮೇಲೊಂದರಂತೆ ಸಂಕ್ಷೇಪಿಸಲೂ ಬಾರದು. ಅದೇ ಅವಧಿಯಲ್ಲಿ ಸುಮಾರು 250 ಪದಗಳ ಪ್ರಬಂಧವೂ ಇದೆ. ಅಲ್ಲಿ ಸ್ವಂತ ನಿಲುವು ಬೇಕೇ ಬೇಕು. ಬೇರೆಯವರ ಮಾತನ್ನು ನಿಷ್ಠೆಯಿಂದ ಹೇಳುವುದು ಒಂದು ವಿದ್ಯೆ, ತನ್ನ ಮಾತನ್ನು ಹೇಳುವುದು ಇನ್ನೊಂದು. ಎರಡನ್ನೂ ಬೆರೆಸದೆ ಮಾಡಬಲ್ಲವರನ್ನು ಈ ಪರೀಕ್ಷೆ ಹುಡುಕುತ್ತದೆ.

ಈ ಅಭ್ಯಾಸ ಫ್ರೆಂಚ್ ಶಿಕ್ಷಣದ ಹಳೆಯ ಪರಂಪರೆಗೆ ಸೇರಿದ್ದು. ಫ್ರಾನ್ಸಿನ ಶಾಲಾ ಕಾಲೇಜುಗಳಲ್ಲಿ ವಿಷಯವನ್ನು ಒಂದು ಕೇಂದ್ರ ಪ್ರಶ್ನೆಯಾಗಿ ರೂಪಿಸಿಕೊಂಡು, ಎರಡು ಅಥವಾ ಮೂರು ಭಾಗಗಳ 'ಪ್ಲಾನ್' ಹಾಕಿಕೊಂಡೇ ಬರೆಯಲು ಕಲಿಸುತ್ತಾರೆ. ವ್ಯಾಕರಣದ ತಪ್ಪಿಲ್ಲದೆ ಬರೆಯುವ ಭಾರತೀಯ ಅಭ್ಯರ್ಥಿಗಳೂ ಸಿ1ರಲ್ಲಿ ಎಡವುವುದು ಹೆಚ್ಚಾಗಿ ಈ ರಚನಾಕ್ರಮದ ಕೊರತೆಯಿಂದ. ಮೌಖಿಕದಲ್ಲೂ ಇದೇ ಶಿಸ್ತು: ದಾಖಲೆಗಳನ್ನು ಒಂದು ಗಂಟೆ ಅಧ್ಯಯನ ಮಾಡಿ, ಪರೀಕ್ಷಕರ ಮುಂದೆ ವಿಷಯ ಮಂಡಿಸಿ, ಚರ್ಚೆಗೆ ನಿಲ್ಲಬೇಕು.

ಸಿ2ರಲ್ಲಿ ನಾಲ್ಕು ಭಾಗಗಳು ಎರಡಾಗುತ್ತವೆ. ದೀರ್ಘ ಧ್ವನಿಮುದ್ರಣವನ್ನು ಎರಡು ಬಾರಿ ಕೇಳಿ ಅದರ ಮೇಲೆ ಮಾತಾಡುವುದು ಒಂದು. ಸುಮಾರು 2000 ಪದಗಳ ದಾಖಲೆಗಳನ್ನು ಓದಿ, ಮೂರೂವರೆ ಗಂಟೆಯಲ್ಲಿ ಕನಿಷ್ಠ 700 ಪದಗಳ ಲೇಖನ ಬರೆಯುವುದು ಇನ್ನೊಂದು. ಒಂದೊಂದಕ್ಕೂ 50 ಅಂಕ; ಪ್ರತಿಯೊಂದರಲ್ಲೂ ಕನಿಷ್ಠ 10 ಬೇಕು. ಸಾಹಿತ್ಯ, ಸಮಾಜಶಾಸ್ತ್ರ ಒಂದು ಕಡೆ, ವಿಜ್ಞಾನ ಇನ್ನೊಂದು ಕಡೆ ಎಂದು ವಿಷಯಕ್ಷೇತ್ರ ಆರಿಸಿಕೊಳ್ಳುವ ಅವಕಾಶ ಡಾಲ್ಫ್‌ನಲ್ಲಿ ಮೊದಲಿತ್ತು. 2020ರ ಬದಲಾವಣೆಯಲ್ಲಿ ಅದು ಹೋಯಿತು.

ಟಿಸಿಎಫ್ ಮತ್ತು ಟೆಫ್

ಡಿಪ್ಲೊಮಾ ಪರೀಕ್ಷೆಯಲ್ಲಿ ಮಟ್ಟವನ್ನು ಅಭ್ಯರ್ಥಿಯೇ ಆರಿಸುತ್ತಾನೆ. ಫಲ ಪಾಸು ಅಥವಾ ಫೇಲು. ಟೆಸ್ಟ್‌ನಲ್ಲಿ ಎಲ್ಲರಿಗೂ ಒಂದೇ ಪತ್ರಿಕೆ, ಫೇಲಾಗುವುದು ಎಂಬುದಿಲ್ಲ. ಬಂದ ಅಂಕವೇ ಮಟ್ಟವನ್ನು ಹೇಳುತ್ತದೆ.

ಟಿಸಿಎಫ್ ಕೂಡ ಸೆವ್ರ್‌ನ ಸಂಸ್ಥೆಯದೇ. ಇದರ ಸಾಮಾನ್ಯ ಆವೃತ್ತಿಯಲ್ಲಿ ಕೇಳುವಿಕೆ, ಭಾಷಾರಚನೆ, ಓದು ಸೇರಿ 76 ಆಯ್ಕೆ ಪ್ರಶ್ನೆಗಳು, ಒಂದು ಗಂಟೆ 25 ನಿಮಿಷ; ಮಾತು ಮತ್ತು ಬರವಣಿಗೆ ಐಚ್ಛಿಕ. ಕೆನಡಾ ಆವೃತ್ತಿಯಲ್ಲಿ ನಾಲ್ಕೂ ಕಡ್ಡಾಯ: ಕೇಳುವಿಕೆ ಮತ್ತು ಓದಿನಲ್ಲಿ ತಲಾ 39 ಪ್ರಶ್ನೆಗಳು, ಬರವಣಿಗೆಗೆ ಒಂದು ಗಂಟೆ, ಮಾತಿಗೆ 12 ನಿಮಿಷ. ಕ್ವಿಬೆಕ್‌ಗೆ ಒಂದು, ಫ್ರಾನ್ಸಿನ ವಾಸ ಮತ್ತು ಪೌರತ್ವಕ್ಕೆ ಇನ್ನೊಂದು ಆವೃತ್ತಿ ಇವೆ. ಟೆಫ್ ಪ್ಯಾರಿಸ್ ಪ್ರದೇಶದ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿಯದು, 1998ರಿಂದ ನಡೆಯುತ್ತಿದೆ. ಅದರ ಮಾತಿನ ಭಾಗದಲ್ಲಿ ಜಾಹೀರಾತೊಂದನ್ನು ನೋಡಿ ಫೋನಿನಲ್ಲಿ ವಿಚಾರಿಸುವಂತೆ ಪ್ರಶ್ನೆ ಕೇಳಬೇಕು, ಆಮೇಲೆ ಒಲ್ಲೆನೆನ್ನುವ ಗೆಳೆಯನನ್ನು ಒಪ್ಪಿಸಬೇಕು.

ಎಲ್ಲಿ ಯಾವ ಪತ್ರ

ಫ್ರೆಂಚ್ ಮಾಧ್ಯಮದಲ್ಲಿ ಓದಲು ಫ್ರಾನ್ಸಿನ ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಕೇಳುವುದು ಬಿ2. ಸಾಹಿತ್ಯ, ಕಾನೂನಿನಂಥ ಕೆಲವು ವಿಷಯಗಳಿಗೆ ಸಿ1 ಬೇಕಾಗಬಹುದು. ಡೆಲ್ಫ್ ಬಿ2 ಅಥವಾ ಡಾಲ್ಫ್ ಇದ್ದವರಿಗೆ ಪ್ರವೇಶದ ಭಾಷಾ ಪರೀಕ್ಷೆಯಿಂದ ವಿನಾಯಿತಿ ಉಂಟು.

ಫ್ರಾನ್ಸಿನಲ್ಲಿ ನೆಲೆಸುವವರಿಗೆ ನಿಯಮ ವರ್ಷದಿಂದ ವರ್ಷಕ್ಕೆ ಬಿಗಿಯಾಗಿದೆ. ಪೌರತ್ವಕ್ಕೆ 2012ರಿಂದ ಬಿ1 ಮಟ್ಟದ ಮಾತು ಸಾಕಿತ್ತು. 2020ರಿಂದ ಅದೇ ಮಟ್ಟದ ಬರವಣಿಗೆಯೂ ಸೇರಿತು. 2024ರ ಜನವರಿ 26ರ ವಲಸೆ ಕಾನೂನಿನ ಫಲವಾಗಿ 2026ರ ಜನವರಿ 1ರಿಂದ ಪೌರತ್ವಕ್ಕೆ ಬಿ2, ಹತ್ತು ವರ್ಷದ ವಾಸದ ಕಾರ್ಡಿಗೆ ಬಿ1, ಹಲವು ವರ್ಷಗಳ ವಾಸದ ಪರವಾನಗಿಗೆ ಎ2 ಬೇಕು. ಬಿ1ರಿಂದ ಬಿ2ಕ್ಕೆ ಏರುವುದೆಂದರೆ ಸುಮಾರು ಇನ್ನೂರು ಗಂಟೆಗಳ ಹೆಚ್ಚಿನ ಕಲಿಕೆ. ದಿನವಿಡೀ ದುಡಿದು ಸಂಸಾರ ನಡೆಸುವ ವಲಸಿಗರಿಗೆ ಇದು ಸಣ್ಣ ಹೊರೆಯಲ್ಲ.

ಕೆನಡಾ ಫೆಡರಲ್ ಸರ್ಕಾರದ ವಲಸೆ ಯೋಜನೆಗಳಿಗೆ ಡೆಲ್ಫ್, ಡಾಲ್ಫ್ ನಡೆಯುವುದಿಲ್ಲ. ಟಿಸಿಎಫ್ ಕೆನಡಾ ಅಥವಾ ಟೆಫ್ ಕೆನಡಾ ಬೇಕು. ಫಲಿತಾಂಶ ಎರಡು ವರ್ಷದೊಳಗಿನದಾಗಿರಬೇಕು. ಅಂಕಗಳನ್ನು ಕೆನಡಾದ ಸ್ವಂತ ಮಟ್ಟಪಟ್ಟಿಗೆ ಪರಿವರ್ತಿಸಲಾಗುತ್ತದೆ. ಆ ಪಟ್ಟಿಯ 7ನೇ ಮಟ್ಟವನ್ನು ನಾಲ್ಕೂ ಭಾಗಗಳಲ್ಲಿ ಮುಟ್ಟಿ, ಇಂಗ್ಲಿಷ್‌ನಲ್ಲಿ 5ನೇ ಮಟ್ಟ ಇದ್ದರೆ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವಲಸಿಗರ ಆಯ್ಕೆ ಪದ್ಧತಿಯಲ್ಲಿ 50 ಹೆಚ್ಚುವರಿ ಅಂಕ ಸಿಗುತ್ತದೆ. 2023ರಿಂದ ಫ್ರೆಂಚ್ ಬಲ್ಲವರಿಗೆಂದೇ ಪ್ರತ್ಯೇಕ ಆಯ್ಕೆ ಸುತ್ತುಗಳೂ ನಡೆಯುತ್ತಿವೆ. ವರ್ಷಗಟ್ಟಲೆ ಓದಿ ಡಾಲ್ಫ್ ಪಡೆದವರೂ ಇಲ್ಲಿ ಹೊಸದಾಗಿ ಟೆಸ್ಟ್ ಬರೆಯಲೇಬೇಕು. ಕ್ವಿಬೆಕ್ ಪ್ರಾಂತ್ಯ ತನ್ನ ವಲಸಿಗರನ್ನು ತಾನೇ ಆಯ್ಕೆ ಮಾಡಿಕೊಳ್ಳುವುದರಿಂದ ಅಲ್ಲಿನ ನಿಯಮಗಳೇ ಬೇರೆ.

ಭಾರತ ಮತ್ತು ಕರ್ನಾಟಕ

ಭಾರತದಲ್ಲಿ ಫ್ರೆಂಚ್‌ನ ಹಳೆಯ ನೆಲೆ ಪುದುಚೇರಿ. ಅಲ್ಲಿಯ ಅಲಿಯಾನ್ಸ್ ಫ್ರಾನ್ಸೇಸ್ 1889ರಲ್ಲೇ ಆರಂಭವಾಯಿತು. ಕರ್ನಾಟಕಕ್ಕೂ ಫ್ರೆಂಚರಿಗೂ ನಂಟು 18ನೇ ಶತಮಾನದ್ದು. ಹೈದರ್ ಮತ್ತು ಟಿಪ್ಪುವಿನ ಸೈನ್ಯದಲ್ಲಿ ಫ್ರೆಂಚರಿದ್ದರು. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಹದಿನಾರನೇ ಲೂಯಿಯ ಆಸ್ಥಾನಕ್ಕೆ ಹೋಗಿದ್ದರು. ಮಂಡ್ಯ ಜಿಲ್ಲೆಯ ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಇಂದಿನ ಬೇಡಿಕೆಯ ಕಾರಣಗಳು ಬೇರೆ: ಬೆಂಗಳೂರಿನಲ್ಲಿ ಏರ್‌ಬಸ್, ಥಾಲೆಸ್, ಕ್ಯಾಪ್‌ಜೆಮಿನಿ, ಶ್ನೈಡರ್‌ನಂಥ ಫ್ರಾನ್ಸಿನ ನಂಟಿರುವ ಕಂಪನಿಗಳಿವೆ, ಶಾಲೆ ಮತ್ತು ಪಿಯುಸಿಯಲ್ಲಿ ಫ್ರೆಂಚನ್ನು ಭಾಷಾ ವಿಷಯವಾಗಿ ಆರಿಸಿಕೊಳ್ಳುವವರಿದ್ದಾರೆ, ಕೆನಡಾಕ್ಕೆ ಹೊರಟವರಿದ್ದಾರೆ. 2024ರ ಗಣರಾಜ್ಯೋತ್ಸವಕ್ಕೆ ಅತಿಥಿಯಾಗಿ ಬಂದ ಅಧ್ಯಕ್ಷ ಎಮ್ಯಾನುಯೆಲ್ ಮ್ಯಾಕ್ರೋನ್, 2030ರ ಹೊತ್ತಿಗೆ 30,000 ಭಾರತೀಯ ವಿದ್ಯಾರ್ಥಿಗಳನ್ನು ಫ್ರಾನ್ಸಿಗೆ ಬರಮಾಡಿಕೊಳ್ಳುವ ಗುರಿ ಪ್ರಕಟಿಸಿದರು.

ಭಾರತದಲ್ಲಿ ಡೆಲ್ಫ್, ಡಾಲ್ಫ್ ಹೆಚ್ಚಾಗಿ ನಡೆಯುವುದು ಅಲಿಯಾನ್ಸ್ ಫ್ರಾನ್ಸೇಸ್ ಕೇಂದ್ರಗಳಲ್ಲಿ. ಬೆಂಗಳೂರಿನ ಕೇಂದ್ರ ವಸಂತನಗರದ ತಿಮ್ಮಯ್ಯ ರಸ್ತೆಯಲ್ಲಿದೆ. ಪರೀಕ್ಷೆಗಳು ವರ್ಷಕ್ಕೆ ಕೆಲವೇ ಬಾರಿ. ನೋಂದಣಿ ಮೊದಲೇ ಮುಗಿಯುವುದರಿಂದ ವಿಶ್ವವಿದ್ಯಾಲಯದ ಅರ್ಜಿಯ ಗಡುವಿನಿಂದ ಹಿಂದಕ್ಕೆ ಲೆಕ್ಕ ಹಾಕಿ ಹೆಸರು ಕೊಡುವುದು ಕ್ಷೇಮ. ತೇರ್ಗಡೆಯಾದವರಿಗೆ ಮೊದಲು ತಾತ್ಕಾಲಿಕ ಪತ್ರ ಸಿಗುತ್ತದೆ. ಮೂಲ ಡಿಪ್ಲೊಮಾ ಕೈಸೇರಲು ತಿಂಗಳುಗಳೇ ಬೇಕು.

ಸಿದ್ಧತೆ

ಕನ್ನಡಿಗರಿಗೆ ಕೆಲವು ವಿಷಯ ಸುಲಭ, ಕೆಲವು ಕಷ್ಟ. ನೀನು, ನೀವು ಎಂಬ ಭೇದ ಫ್ರೆಂಚ್‌ನಲ್ಲೂ ಇರುವುದರಿಂದ, ಯಾರನ್ನು ಹೇಗೆ ಮಾತಾಡಿಸಬೇಕು ಎಂಬ ಅಳುಕು ಕಡಿಮೆ. ಲಿಂಗ ವ್ಯವಸ್ಥೆ ಮಾತ್ರ ತೊಡಕಿನದು. ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ, ಮೇಜು ಕುರ್ಚಿಗಳೆಲ್ಲ ನಪುಂಸಕ. ಫ್ರೆಂಚ್‌ನಲ್ಲಿ ಪ್ರತಿ ವಸ್ತುವೂ ಪುಲ್ಲಿಂಗ ಇಲ್ಲವೇ ಸ್ತ್ರೀಲಿಂಗ. ಪ್ರತಿ ಹೊಸ ಪದವನ್ನೂ ಅದರ ಲಿಂಗಸೂಚಕದ ಜೊತೆಯಲ್ಲೇ ಕಲಿಯುವುದೊಂದೇ ದಾರಿ. ಬರೆದಂತೆ ಓದುವ ಲಿಪಿಗೆ ಒಗ್ಗಿದವರಿಗೆ ಉಚ್ಚಾರವಾಗದ ಕೊನೆಯ ಅಕ್ಷರಗಳೂ, ಪದ ಪದ ಬೆಸೆದುಕೊಳ್ಳುವ ಮಾತಿನ ಹರಿವೂ ಕಿವಿಗೆ ಸವಾಲು. ಆದ್ದರಿಂದ ನಾಲ್ಕು ಭಾಗಗಳಲ್ಲಿ ಕೇಳುವಿಕೆಗೆ ಮೊದಲ ದಿನದಿಂದಲೇ ಹೆಚ್ಚು ಹೊತ್ತು ಕೊಡಬೇಕು. ಫ್ರೆಂಚ್ ಅಂತರರಾಷ್ಟ್ರೀಯ ರೇಡಿಯೊ ಆರ್‌ಎಫ್‌ಐ ಮತ್ತು ದೂರದರ್ಶನ ಟಿವಿ5 ಮೊಂದ್ ಕಲಿಯುವವರಿಗಾಗಿಯೇ ಉಚಿತ ಪಾಠಗಳನ್ನು ಕೊಡುತ್ತವೆ.

ಪರೀಕ್ಷೆಗೆ ಮುಂಚೆ ಗಡಿಯಾರ ಇಟ್ಟುಕೊಂಡು ಮಾದರಿ ಪತ್ರಿಕೆಗಳನ್ನು ಬಿಡಿಸುವುದು, ಬರೆದದ್ದನ್ನು ಬಲ್ಲವರಿಂದ ತಿದ್ದಿಸಿಕೊಳ್ಳುವುದು, ಜೋರಾಗಿ ಮಾತಾಡಿ ಅಭ್ಯಾಸ ಮಾಡುವುದು ಅಗತ್ಯ. ಮೌಲ್ಯಮಾಪನ ಮಾಡುವವರು ತರಬೇತಿ ಪಡೆದು ಮಾನ್ಯತೆ ಗಳಿಸಿದ ಪರೀಕ್ಷಕರು. ಕೊಟ್ಟ ಕೆಲಸವನ್ನು ಪೂರೈಸಿದ್ದಾರೆಯೇ, ವಿಚಾರಗಳು ಸುಸಂಬದ್ಧವಾಗಿವೆಯೇ, ಪದಸಂಪತ್ತು ಮತ್ತು ವ್ಯಾಕರಣ ಆ ಮಟ್ಟಕ್ಕೆ ತಕ್ಕಂತಿವೆಯೇ ಎಂದು ಅವರು ನಿಗದಿತ ಪಟ್ಟಿಯ ಪ್ರಕಾರ ಅಂಕ ಕೊಡುತ್ತಾರೆ. ಬಿ1ರಲ್ಲಿ ಕೆಲವು ತಪ್ಪುಗಳು ಸಹಜ; ಅರ್ಥ ಕೆಡದಿದ್ದರೆ ದೊಡ್ಡ ನಷ್ಟವಿಲ್ಲ.

ಮೌಲ್ಯ ಮತ್ತು ಮಿತಿ

50 ಅಂಕದ ಬಿ2ವೂ 90 ಅಂಕದ ಬಿ2ವೂ ಒಂದೇ ಡಿಪ್ಲೊಮಾ. ಕೆಲಸಕ್ಕೆ ಕರೆಯುವವರು ಅಂಕಪಟ್ಟಿ ನೋಡಿದರೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಡಿಪ್ಲೊಮಾಕ್ಕೆ ಅವಧಿ ಇಲ್ಲದಿದ್ದರೂ ಬಳಸದ ಭಾಷೆ ಮಾಸುತ್ತದೆ. ಹಾಗೆಂದು ಪರೀಕ್ಷೆಯ ಬೆಲೆ ಕಡಿಮೆಯಲ್ಲ. ಹಾಸನದಲ್ಲಿ ಕಲಿತವರನ್ನೂ ಹನೋಯ್‌ನಲ್ಲಿ ಕಲಿತವರನ್ನೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಮಾನದಂಡದಿಂದ ನೋಡುವ ಈ ಏರ್ಪಾಡಿನಲ್ಲಿ ಕಾಲೇಜಿನ ಹೆಸರಿಗೂ ಮನೆತನಕ್ಕೂ ಸ್ಥಾನವಿಲ್ಲ. ಕಲಿಯಲು ಕೂರುವ ಮೊದಲೇ ಗುರಿಯನ್ನು ಗೊತ್ತುಮಾಡಿಕೊಂಡು, ಓದು ಮತ್ತು ಸ್ವಂತ ತೃಪ್ತಿಗಾದರೆ ಡಿಪ್ಲೊಮಾವನ್ನೂ ಕೆನಡಾ ವಲಸೆಗಾದರೆ ಟೆಸ್ಟನ್ನೂ ಆರಿಸಿಕೊಂಡವರಿಗೆ ಹಣವೂ ಕಾಲವೂ ಉಳಿಯುತ್ತದೆ.